ಸಾಹಸ ಯಾರಪ್ಪನ ಆಸ್ತಿ?

ಬಲಸಮುದ್ರದ ಹೆಸರಿನಲ್ಲಿ ಸಮುದ್ರವಿದೆ. ಹಡಗಿಲ್ಲ, ಬಂದರಿಲ್ಲ, ದೂರದಲ್ಲೊಂದು ದ್ವೀಪವೂ ಇಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳ ಒಣಸೀಮೆಯಲ್ಲಿ ಕೆರೆಗೇ ಸಮುದ್ರ ಅಂತ ಹೆಸರಿಟ್ಟ ಹಿರೀಕರ ಧೈರ್ಯ ದೊಡ್ಡದು. ಇಂಥ ಸಮುದ್ರದ ಮಕ್ಕಳಾದ ನಾವು ನಾಲ್ಕೈದು ಜನ, ಮನೆಯಲ್ಲಿ ಮೊದಲ ಸಲ ಡಿಗ್ರಿ ಕಾಗದ ಕಂಡವರು, ಒಂದು ರಾತ್ರಿ ಒಂದೇ ಮೊಬೈಲಿನ ಸುತ್ತ ತಲೆಗೆ ತಲೆ ಕೊಟ್ಟು ಕೂತು ಒಂದು ಹಳೆಯ ಇಂಗ್ಲಿಷ್ ನಗೆಸರಣಿ ನೋಡಿದೆವು. ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ಒಬ್ಬ ಕೇಳಿದ: "ಅಲ್ಲ ಕಣ್ರೋ, ಇವರೆಲ್ಲ ಸಾಹಸ ಮಾಡೋವಾಗ ಗಂಟುಮೂಟೆ ಹೊತ್ಕೊಂಡು ಹಿಂದೆ ಹೋಗೋನು ಯಾರು?"

ಆ ಪ್ರಶ್ನೆ ನಮ್ಮನ್ನು ನಿದ್ದೆ ಮಾಡಗೊಡಲಿಲ್ಲ. ಈ ಲೇಖನ ಆ ಪ್ರಶ್ನೆಯದು.

ಸರಣಿಯ ಹೆಸರು ‘ರಿಪ್ಪಿಂಗ್ ಯಾರ್ನ್ಸ್’. ಸೊಗಸಾದ ಕಟ್ಟುಕಥೆಗಳು ಅಂತ ಅರ್ಥ ಮಾಡಿಕೊಳ್ಳಬಹುದು. ಮಾಂಟಿ ಪೈಥಾನ್ ಎಂಬ ನಗೆತಂಡದ ಮೈಕೇಲ್ ಪಾಲಿನ್ ಮತ್ತು ಟೆರಿ ಜೋನ್ಸ್ ಬರೆದದ್ದು. ಬಿಬಿಸಿಯಲ್ಲಿ 1976ರಿಂದ 1979ರವರೆಗೆ ಬಂದದ್ದು. ಒಟ್ಟು 9 ಕಥೆ, ಒಂದೊಂದೂ ಅರ್ಧಗಂಟೆಯ ಆಸುಪಾಸು. ಬ್ರಿಟಿಷರು ತಮ್ಮ ಹುಡುಗರಿಗಾಗಿ ಒಂದು ಶತಮಾನ ಕಾಲ ಬರೆದ ಸಾಹಸಕಥೆಗಳನ್ನು ಇಲ್ಲಿ ಬ್ರಿಟಿಷರೇ ಹಿಡಿದು ತಲೆಕೆಳಗು ಮಾಡಿದ್ದಾರೆ. ಒಬ್ಬ ಕ್ಯಾಪ್ಟನ್ ಕಪ್ಪೆಗಳನ್ನು ಕಟ್ಟಿಕೊಂಡು ಆಂಡೀಸ್ ಪರ್ವತ ದಾಟಲು ಹೊರಡುತ್ತಾನೆ. ಮುಖದ ತುಂಬ ಗಾಂಭೀರ್ಯ, ಎದೆಯ ತುಂಬ ದೇಶಭಕ್ತಿ, ಪೆಟ್ಟಿಗೆಯ ತುಂಬ ಕಪ್ಪೆ. ಸಾಮ್ರಾಜ್ಯದ ದೊಡ್ಡ ದೊಡ್ಡ ದಂಡಯಾತ್ರೆಗಳನ್ನು ಹೀಗೆ ಕಪ್ಪೆಗಳ ಮಟ್ಟಕ್ಕೆ ಇಳಿಸಿ ತೋರಿಸಿದ್ದಾರೆ.

ಮೊದಲನೆಯ ಕಥೆ ‘ಟಾಂಕಿನ್‌ಸನ್ಸ್ ಸ್ಕೂಲ್‌ಡೇಸ್’. ಬಂದದ್ದು 1976ರ ಜನವರಿಯಲ್ಲಿ. ದೊಡ್ಡಮನೆಯ ಹುಡುಗರು ಓದುವ ವಸತಿಶಾಲೆ. ಅಲ್ಲಿ ಹುಡುಗರನ್ನು ಹಿಂಸಿಸುವ ರೌಡಿ ಹುಡುಗನದು ಒಂದು ಅಧಿಕೃತ ಹುದ್ದೆ. ಶಾಲೆಯೇ ನೇಮಿಸಿದ್ದು, ಶಾಲೆಯೇ ಗೌರವಿಸುವುದು. ಟಾಂಕಿನ್‌ಸನ್ ಎಂಬ ಬಡಪಾಯಿ ಆ ನರಕದಿಂದ ಓಡಿಹೋಗಲು ನೋಡುತ್ತಾನೆ, ಆಗುವುದಿಲ್ಲ. ಕೊನೆಗೆ ಅವನಿಗೇ ಆ ರೌಡಿಯ ಹುದ್ದೆ ಸಿಗುತ್ತದೆ. ಅವನು ಖುಷಿಯಾಗುತ್ತಾನೆ. ಕಥೆ ಮುಗಿಯಿತು. ಈ ಮುಕ್ತಾಯವನ್ನು ನೆನಪಿಟ್ಟುಕೊಳ್ಳಿ ಗೆಳೆಯರೇ. ಕೊನೆಯಲ್ಲಿ ಇದೇ ಹುಡುಗನನ್ನು ನಮ್ಮ ಸಂಘಟನೆಯ ಬಾಗಿಲಿಗೆ ಕರೆದು ತರಲಿಕ್ಕಿದೆ.

ಈಗ ಒಂದು ಮಾತು ಬರುತ್ತದೆ, ನಮಗೆ ಗೊತ್ತು. ಇಂಗ್ಲಿಷರ ಹುಡುಗರ ಕಥೆ, ಇಂಗ್ಲಿಷರ ನಗೆ, ಅದರಿಂದ ನಮ್ಮ ಹಟ್ಟಿಗೇನು? ಅಂತೀರಿ. ಸ್ವಲ್ಪ ತಾಳಿ. ಆ ಕಥೆಗಳು ನಡೆದದ್ದು ನಮ್ಮ ಬೆಟ್ಟಗಳ ಮೇಲೆಯೇ.

ಜಿ.ಎ. ಹೆಂಟಿ ಅಂತ ಒಬ್ಬ ಇದ್ದ. 1832ರಲ್ಲಿ ಹುಟ್ಟಿ 1902ರಲ್ಲಿ ಸತ್ತ. ಹುಡುಗರಿಗಾಗಿ ನೂರಕ್ಕೂ ಮೇಲೆ ಪುಸ್ತಕ ಬರೆದ. ಸಾಮ್ರಾಜ್ಯ ಎಲ್ಲೆಲ್ಲಿ ಯುದ್ಧ ಮಾಡಿತೋ ಅಲ್ಲೆಲ್ಲ ಅವನ ಒಬ್ಬ ಇಂಗ್ಲಿಷ್ ಹುಡುಗ ಹಾಜರು. 1896ರ ಅವನ ಪುಸ್ತಕದ ಹೆಸರು ‘ದಿ ಟೈಗರ್ ಆಫ್ ಮೈಸೂರ್’. ನಮ್ಮ ಸೀಮೆಯ ಕಥೆ. ಡಿಕ್ ಹಾಲೆಂಡ್ ಎಂಬ ಹುಡುಗ ಟಿಪ್ಪುವಿನ ಸೆರೆಯಲ್ಲಿರುವ ತನ್ನ ಅಪ್ಪನನ್ನು ಹುಡುಕಿಕೊಂಡು ಇಂಗ್ಲೆಂಡಿನಿಂದ ಬರುತ್ತಾನೆ. ಭಾಷೆ ಕಲಿತಿದ್ದಾನೆ, ದೇಶೀಯನ ವೇಷ ಹಾಕುತ್ತಾನೆ, ಗಿರಿದುರ್ಗಗಳನ್ನು ಸುತ್ತುತ್ತಾನೆ. ಅವನ ಬಳಿ ಕುದುರೆ ಇದೆ, ಬಂದೂಕ ಇದೆ, ಜೊತೆಗೆ ನಂಬಿಕಸ್ಥ ದೇಶೀಯನೊಬ್ಬ ಇದ್ದಾನೆ. ಬೆಟ್ಟ ಇರುವುದು ಅವನು ಹತ್ತಲಿಕ್ಕೆ. ಕಾಡು ಇರುವುದು ಅವನು ದಾಟಲಿಕ್ಕೆ. ನಾವು ಇರುವುದು ಅವನಿಗೆ ದಾರಿ ತೋರಿಸಲಿಕ್ಕೆ.

ಇಂಥ ದುರ್ಗಗಳ ಸಾಲಿನಲ್ಲೇ ನಮ್ಮ ಮಧುಗಿರಿಯೂ ನಿಂತಿದೆ. ಒಂದೇ ಕಲ್ಲಿನ ಬೆಟ್ಟ, ಏಷ್ಯಾದ ದೊಡ್ಡ ಏಕಶಿಲೆಗಳಲ್ಲಿ ಒಂದು ಅಂತ ಹೆಸರು. 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ಈ ಕೋಟೆಯಲ್ಲೇ ಸೆರೆಯಿಟ್ಟ. 1767ರಲ್ಲಿ ಮರಾಠರು ಬಂದು ಬಿಡಿಸಿದರು. ಗೆದ್ದವನ ಹೆಸರು ಇದೆ, ಸೆರೆಯಾದವಳ ಹೆಸರು ಇದೆ, ಬಿಡಿಸಿದವರ ಹೆಸರು ಇದೆ. ಕಡಿದಾದ ಬರಿಬಂಡೆಯ ಮೈಮೇಲೆ ಕಾಲಿಡುವಷ್ಟು ಅಗಲದ ಮೆಟ್ಟಿಲು ಕೊರೆದವನ ಹೆಸರೆಲ್ಲಿ ಸ್ವಾಮಿ? ಅವನು ಮೊದಲನೆಯ ಮೆಟ್ಟಿಲು ಕೊರೆಯುವಾಗ ಹಿಡಿದುಕೊಳ್ಳಲು ಅವನಿಗೆ ಯಾವ ಮೆಟ್ಟಿಲೂ ಇರಲಿಲ್ಲ. ಹಗ್ಗ ಕಟ್ಟಿದವನಾರು, ಜಾರಿ ಬಿದ್ದವರೆಷ್ಟು, ಬಿದ್ದವನ ಹೆಂಡತಿಗೆ ಎಷ್ಟು ರಾಗಿ ಕೊಟ್ಟರು? ಕೈಫಿಯತ್ತು ಬರೆದವರು ಅದನ್ನು ಬರೆಯಲಿಲ್ಲ. ಈಗ ಭಾನುವಾರ ಭಾನುವಾರ ಬೆಂಗಳೂರಿನಿಂದ ಒಳ್ಳೆಯ ಬೂಟು ಹಾಕಿಕೊಂಡು ಬರುವ ಹುಡುಗರು ಅದೇ ಮೆಟ್ಟಿಲು ಹತ್ತಿ ತುದಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಸಾಹಸ. ಕಲ್ಲು ಕೊರೆದದ್ದು ಬರೀ ಕೂಲಿ.

ಡಿಕ್ ಹಾಲೆಂಡನ ಸಾಹಸ ನಡೆಯುವ ಕಾಲದಲ್ಲಿ, ಅಂದರೆ 1790ರಿಂದ 1792ರ ಮೈಸೂರು ಯುದ್ಧದಲ್ಲಿ, ಕಾರ್ನ್‌ವಾಲಿಸನ ಸೈನ್ಯ ಹಸಿವಿನಿಂದ ಸಾಯದೆ ಉಳಿದದ್ದು ಹೇಗೆ? ಬಂಜಾರರ ಎತ್ತುಗಳಿಂದ. ಬೆನ್ನ ಮೇಲೆ ಧಾನ್ಯ ಹೇರಿಕೊಂಡು ಸಾಲುಸಾಲಾಗಿ ಬಂದ ಆ ಎತ್ತುಗಳಿಲ್ಲದಿದ್ದರೆ ಲಾರ್ಡ್ ಸಾಹೇಬರು ಶ್ರೀರಂಗಪಟ್ಟಣದ ಗೋಡೆ ನೋಡುವುದೂ ಕಷ್ಟವಿತ್ತು. ಆ ಬಂಜಾರರ ಕುಲದವರು ಇವತ್ತು ನಮ್ಮ ಸೀಮೆಯ ತಾಂಡಾಗಳಲ್ಲಿದ್ದಾರೆ. ಮಳೆ ಕೈಕೊಟ್ಟ ವರ್ಷ ಗಂಟು ಕಟ್ಟಿ ಗುಳೆ ಹೋಗುತ್ತಾರೆ. ಲಾರ್ಡನಿಗೆ ಪ್ರತಿಮೆ, ಹೆಂಟಿಗೆ ಹಣ, ಡಿಕ್‌ಗೆ ಕೀರ್ತಿ. ಎತ್ತು ಹೊಡೆದವನಿಗೆ ಏನು?

ಹೀಗಾಗಿ, ಇಂಗ್ಲೆಂಡಿನ ಇಬ್ಬರು ನಗೆಗಾರರು ಈ ಸಾಹಸಕಥೆಗಳನ್ನು ಗೇಲಿ ಮಾಡಿದಾಗ ನಮಗೆ ಖುಷಿಯಾದದ್ದರಲ್ಲಿ ತಪ್ಪಿಲ್ಲ. ನಮ್ಮ ಹೆಗಲ ಮೇಲೆ ಕೂತವನನ್ನು ಅವನ ಮೊಮ್ಮಗನೇ ಕೆಳಗೆ ಕೆಡವಿದಂತೆ ಅದು.

1979ರ ಕಂತುಗಳಲ್ಲಿ ಒಂದರ ಹೆಸರು ‘ರೋಜರ್ ಆಫ್ ದಿ ರಾಜ್’. ನಡೆಯುವುದು ಬ್ರಿಟಿಷ್ ಆಳ್ವಿಕೆಯ ಇಂಡಿಯಾದಲ್ಲಿ. ರೋಜರ್ ಎಂಬ ಲಾರ್ಡನ ಮಗನಿಗೆ ಯುದ್ಧ ಬೇಡ, ಪದವಿ ಬೇಡ. ಒಂದು ಔಷಧಿ ಅಂಗಡಿ ಇಟ್ಟುಕೊಂಡು ಬದುಕಬೇಕು ಅನ್ನುವುದಷ್ಟೇ ಅವನ ಆಸೆ. ಅದರಲ್ಲಿ ಊಟದ ಮೇಜಿನ ಒಂದು ಪ್ರಸಂಗವಿದೆ. ಪೋರ್ಟ್ ಎಂಬ ಮದ್ಯದ ಬಾಟಲಿಯನ್ನು ಎಡಗಡೆಯವನಿಗೇ ದಾಟಿಸಬೇಕು ಎಂಬುದು ಆ ಸಾಹೇಬರ ಶಿಷ್ಟಾಚಾರ. ಒಬ್ಬ ಅಧಿಕಾರಿ ಮೈಮರೆತು ಬಾಟಲಿಯನ್ನು ತಪ್ಪು ದಿಕ್ಕಿಗೆ ಸರಿಸುತ್ತಾನೆ. ಮೇಜು ಸ್ತಬ್ಧವಾಗುತ್ತದೆ. ಮಾನ ಹೋಯಿತು. ಅವನು ಎದ್ದು ಹೊರಗೆ ಹೋಗಿ ತನಗೆ ತಾನೇ ಗುಂಡು ಹಾರಿಸಿಕೊಳ್ಳುತ್ತಾನೆ. ಒಳಗಿದ್ದವರು ಊಟ ಮುಂದುವರಿಸುತ್ತಾರೆ.

ಇದನ್ನು ನೋಡಿದಾಗ ನಾವು ಎಲ್ಲಕ್ಕಿಂತ ಜೋರಾಗಿ ನಕ್ಕೆವು. ಯಾಕೆಂದರೆ ಆ ಮೇಜು ನಮಗೆ ಗೊತ್ತಿತ್ತು. ಬಾಳೆ ಎಲೆಯ ತುದಿ ಊಟಕ್ಕೆ ಕೂತವನ ಎಡಕ್ಕಿರಬೇಕು ಎಂಬ ನಾಡಿನಲ್ಲಿ ಹುಟ್ಟಿದವರು ನಾವು. ಅಲ್ಲಿ ಬಾಟಲಿ ಎಡಕ್ಕೆ, ಇಲ್ಲಿ ಎಲೆಯ ತುದಿ ಎಡಕ್ಕೆ. ನಮ್ಮ ಎಡಪಂಥದ ಗೆಳೆಯರು ಹಿಗ್ಗಬೇಕಾದ್ದೇನಿಲ್ಲ. ಉಪ್ಪು ಎಲ್ಲಿ, ಪಾಯಸ ಎಲ್ಲಿ, ಯಾರು ಮೊದಲ ಪಂಕ್ತಿ, ಯಾರು ಎರಡನೆಯದು, ಯಾರು ಅಂಗಳದಲ್ಲಿ, ಯಾರು ಎಂಜಲೆಲೆ ಎತ್ತುವ ತನಕ ತಿಪ್ಪೆಯ ಹತ್ತಿರ ಕಾಯಬೇಕು ಎಂಬುದನ್ನೆಲ್ಲ ಧರ್ಮ ಅಂತ ಕರೆದು ಬಾಳಿದ ದೇಶ ಇದು. ಒಂದೇ ಒಂದು ವ್ಯತ್ಯಾಸ. ಅವರ ಕಥೆಯಲ್ಲಿ ತಪ್ಪು ದಿಕ್ಕಿಗೆ ಬಾಟಲಿ ಸರಿಸಿದವನು ತನಗೆ ತಾನೇ ಗುಂಡು ಹಾರಿಸಿಕೊಂಡ. ನಮ್ಮಲ್ಲಿ ತಪ್ಪು ಪಂಕ್ತಿಯಲ್ಲಿ ಕೂತವನಿಗೆ ಆ ಸ್ವಾತಂತ್ರ್ಯವೂ ಇಲ್ಲ. ಅವನಿಗೆ ಊರೇ ಸೇರಿ ಹೊಡೆಯುತ್ತದೆ.

ಈಗ ನಮ್ಮ ಮೊದಲ ಆಪಾದನೆ. ಕನ್ನಡದ ಮೇಲ್ಜಾತಿಯ ಬರಹಗಾರರೇ, ನಿಮ್ಮ ‘ರೋಜರ್’ ಎಲ್ಲಿ? ನಿಮ್ಮಜ್ಜ ಶಾನುಭೋಗಿಕೆ ಮಾಡುತ್ತ ಸುಳ್ಳು ಲೆಕ್ಕ ಬರೆದದ್ದು, ನಿಮ್ಮಜ್ಜ ಪಟೇಲಿಕೆ ಮಾಡುತ್ತ ಚಾವಟಿ ಹಿಡಿದದ್ದು, ನಿಮ್ಮ ಮನೆಯ ಜಗಲಿ, ನಿಮ್ಮ ಮನೆಯ ಮಡಿ, ನಿಮ್ಮ ವಂಶದ ಪ್ರತಾಪ, ಇವುಗಳನ್ನು ಬರೆಯುವಾಗ ನಿಮಗೆ ಕಣ್ಣು ತುಂಬಿ ಬರುತ್ತದೆ. ನೆನಪು ಅಂತೀರಿ, ಪರಂಪರೆ ಅಂತೀರಿ, ಕಳೆದುಹೋದ ಕಾಲ ಅಂತೀರಿ. ನಗು ಯಾಕೆ ಬರುವುದಿಲ್ಲ? ಕೈಲಾಸಂ ಇಲ್ಲವೇ ಅಂತ ಕೇಳುತ್ತೀರಿ. ಇದ್ದಾರೆ. 1918ರಲ್ಲೇ ‘ಟೊಳ್ಳುಗಟ್ಟಿ’ ಬರೆದ ಆ ಮನುಷ್ಯನಿಗೆ ನಮ್ಮ ನಮಸ್ಕಾರ. ಆದರೆ ಆ ನಗೆ ಹೆಚ್ಚಾಗಿ ನಡುಮನೆಯಲ್ಲಿ ಓಡಾಡಿತು. ಹಿತ್ತಲು ದಾಟಿ, ಹೊಲ ದಾಟಿ, ಕೇರಿಯ ಎದುರಿಗೆ ಚಾವಟಿ ಹಿಡಿದು ನಿಂತಿದ್ದ ಅಜ್ಜನ ತನಕ ಅದು ಎಷ್ಟು ಸಲ ಬಂತು? ಬದಲಿಗೆ ನಮ್ಮ ನಾಟಕದಲ್ಲೂ ಸಿನಿಮಾದಲ್ಲೂ ನಗೆಗೆ ಗುರಿಯಾದವನು ಯಾರು? ಮನೆಯ ಆಳು. ಅವನ ಹರಕು ಚಡ್ಡಿ, ಅವನ ಹಕಾರವಿಲ್ಲದ ಮಾತು, ಅವನ ಹಸಿವು. ಅವನು "ಓಗ್ತೀನಿ ಬುದ್ಧಿ" ಅಂದ ತಕ್ಷಣ ಥಿಯೇಟರೆಲ್ಲ ಗೊಳ್ಳೆಂದಿತು. ನಮ್ಮವ್ವನ ಭಾಷೆ ಅದು. ನಿಮಗೆ ಹಾಸ್ಯವಾಯಿತು.

ಇಂಗ್ಲಿಷರು ಮೇಲಕ್ಕೆ ನೋಡಿ ನಕ್ಕರು. ನೀವು ಕೆಳಕ್ಕೆ ನೋಡಿ ನಕ್ಕಿರಿ. ನಗೆಗೂ ಜಾತಿ ಇದೆ.

ಆದರೆ ಇಂಗ್ಲಿಷರ ನಗೆಯನ್ನೂ ನಾವು ಪೂರ್ತಿ ನಂಬುವುದಿಲ್ಲ. ಇದು ಎರಡನೆಯ ಆಪಾದನೆ. ‘ರೋಜರ್ ಆಫ್ ದಿ ರಾಜ್’ ಕಥೆಯ ಮುಖ್ಯರೆಲ್ಲ ಬಿಳಿಯರು. ಸಾಯುವವನೂ ಬಿಳಿಯ, ಪ್ರೀತಿಸುವವನೂ ಬಿಳಿಯ, ನಗಿಸುವವನೂ ಬಿಳಿಯ. ಇಂಡಿಯಾದವನಿಗೆ ಸಿಕ್ಕಿದ್ದು ಅಂಚು. ಸಾಹೇಬರ ಕಥೆಯಲ್ಲಿ ನಾವು ಅಂಚಿನಲ್ಲಿದ್ದೆವು. ಸಾಹೇಬರನ್ನು ಗೇಲಿ ಮಾಡುವ ಕಥೆಯಲ್ಲೂ ಅಂಚಿನಲ್ಲೇ ಉಳಿದೆವು. ದೊರೆಯ ಮೊಮ್ಮಗ ದೊರೆಯನ್ನು ನೋಡಿ ನಗುತ್ತಾನೆ, ಒಳ್ಳೆಯದು. ಆದರೆ ಆ ಊಟದ ಮನೆಯ ಗೋಡೆಗೆ ಒರಗಿ ನಿಂತವನಿಗೆ ಇಡೀ ಪ್ರಸಂಗ ಹೇಗೆ ಕಂಡೀತು? ಅವನು ರಾತ್ರಿ ಗುಡಿಸಲಿಗೆ ಹೋಗಿ ಹೆಂಡತಿಗೆ ಏನಂತ ಹೇಳಿಯಾನು? "ಇವತ್ತು ಬಾಟ್ಲಿ ಆ ಕಡೆ ತಳ್ಳಿದ್ದಕ್ಕೆ ಒಬ್ಬ ಸತ್ತ ಕಣೆ" ಅಂದರೆ ಅವಳು ಎಷ್ಟು ನಕ್ಕಾಳು! ಆ ನಗೆ ಇನ್ನೂ ಬರೆಯಲಾಗಿಲ್ಲ. ಅದನ್ನು ಪಾಲಿನ್ ಬರೆಯಲಾರ, ಜೋನ್ಸ್ ಬರೆಯಲಾರ. ಅದು ನಮ್ಮ ಕೆಲಸ.

ನಮ್ಮ ಕೈಗೆ ಬಂದ ಸಾಹಸಕಥೆಗಳನ್ನೇ ನೋಡಿ. ಲೀ ಫಾಕ್ 1936ರಲ್ಲಿ ಹುಟ್ಟಿಸಿದ ಫ್ಯಾಂಟಮ್‌ನನ್ನು 1964ರಿಂದ ಇಂದ್ರಜಾಲ ಕಾಮಿಕ್ಸ್ ಇಂಡಿಯಾದ ಮಕ್ಕಳ ಕೈಗೆ ಕೊಟ್ಟಿತು. ತಲೆಬುರುಡೆಯ ಸಿಂಹಾಸನದ ಮೇಲೆ ಬಿಳಿಯ, ಸುತ್ತ ಕಾವಲಿಗೆ ಕಪ್ಪು ಕುಳ್ಳರು. ತಲೆಮಾರಿನಿಂದ ತಲೆಮಾರಿಗೆ ಅಪ್ಪನ ಗಾದಿ ಮಗನಿಗೆ. ಇದು ಕಾಡೋ, ನಮ್ಮೂರ ಪಟೇಲರ ಮನೆಯೋ? ನಮ್ಮ ಅಣ್ಣಂದಿರು ಅದನ್ನು ಓದಿ ತಾವೇ ಫ್ಯಾಂಟಮ್ ಅಂದುಕೊಂಡರು. ಕನ್ನಡಿ ನೋಡಿಕೊಂಡ ದಿನ ಗೊತ್ತಾಯಿತು, ತಮಗೆ ಇಟ್ಟಿದ್ದು ಕುಳ್ಳರ ಪಾತ್ರ.

ಕೆನೆತ್ ಆಂಡರ್ಸನ್ ಬೆಂಗಳೂರಿನಲ್ಲಿ ಬಾಳಿ 1974ರಲ್ಲಿ ತೀರಿಕೊಂಡ ಬೇಟೆಗಾರ. ಅವನ ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಅವನು ಕನ್ನಡದ ಹಳ್ಳಿಹಳ್ಳಿಗೆ ಬಂದ. ಆ ಕಥೆಗಳನ್ನು ನಾವು ಪ್ರೀತಿಯಿಂದ ಓದಿದ್ದೇವೆ, ಸುಳ್ಳು ಹೇಳುವುದಿಲ್ಲ. ಆಂಡರ್ಸನ್ ತನ್ನ ಜೊತೆಗಾರ ಬೈರನನ್ನು ಗೆಳೆಯನೆಂದು ಬರೆದ, ಅದನ್ನೂ ಒಪ್ಪುತ್ತೇವೆ. ಆದರೆ ಕಾಡು ಓದಿದವನು ಬೈರ, ಪುಸ್ತಕ ಬರೆದವನು ಸಾಹೇಬ. ಹುಲಿಯ ಹೆಜ್ಜೆ ನೋಡಿ ಗಂಡೋ ಹೆಣ್ಣೋ ಹೇಳಬಲ್ಲ ಬೈರನಂಥವರ ಮಕ್ಕಳಿಗೆ ಅಕ್ಷರ ಯಾವಾಗ ಬಂತು? ಅವರನ್ನು ಕಾಡಿನಿಂದ ಯಾವಾಗ ಎತ್ತಂಗಡಿ ಮಾಡಿದರು? ಅದು ಯಾವ ಸಾಹಸಕಥೆಯಲ್ಲಿದೆ? ತೇಜಸ್ವಿಯವರೇ 1980ರ ‘ಕರ್ವಾಲೊ’ದಲ್ಲಿ ಒಂದು ಹೆಜ್ಜೆ ಮುಂದೆ ಇಟ್ಟರು. ಅಲ್ಲಿ ವಿಜ್ಞಾನಿ, ಲೇಖಕ, ನಾಯಿ, ಅಡಿಗೆಯವ ಎಲ್ಲ ಸೇರಿ ಹಾರುವ ಓತಿ ಹುಡುಕಲು ಹೊರಡುವ ದಂಡಯಾತ್ರೆ ಇದೆ, ನಗೆಯೂ ಇದೆ. ಆದರೆ ನಿಜವಾಗಿ ಕಣ್ಣಿದ್ದವನು ಊರವರು ಪೆದ್ದ ಅಂದುಕೊಂಡಿದ್ದ ಮಂದಣ್ಣ. ಇದು ಕನ್ನಡದ ಸಾಹಸಕಥೆ ತನ್ನನ್ನು ತಾನೇ ಗೇಲಿ ಮಾಡಿಕೊಂಡ ಗಳಿಗೆ. ಅಲ್ಲಿಂದ ಮುಂದಕ್ಕೆ ನಮ್ಮ ಕೇರಿಯ ತನಕ ದಾರಿ ಇನ್ನೂ ಉಳಿದಿದೆ.

ಈಗ ಗ್ರಾಮೀಣ ಶಾಲೆಯ ಮೇಷ್ಟರುಗಳಿಗೆ ಒಂದು ಕಥೆ ಹೇಳುತ್ತೇವೆ. ಮಕ್ಕಳಿಗೆ ಸಾಹಸಕಥೆ ಹೇಳಿ ಅಂತ ಪಾಠಪುಸ್ತಕ ಹೇಳಿದ ದಿನ ಇದನ್ನೇ ಹೇಳಿ.

ನಾಲ್ಕು ಜನ ಹುಡುಗರು. ಒಬ್ಬನಿಗೆ 9 ವರ್ಷ. ತಾಯಿ ಇಲ್ಲ. ಅಪ್ಪ ದೂರದೂರಿನಲ್ಲಿ ಕೆಲಸದಲ್ಲಿದ್ದಾನೆ, ಬರಗಾಲದ ಜನಕ್ಕೆ ಕೂಲಿ ಕೊಡಲು ಕೆರೆ ತೋಡಿಸುವ ಕಡೆ ಖಜಾಂಚಿ. ಬೇಸಿಗೆ ರಜೆಗೆ ಬನ್ನಿ ಅಂತ ಕಾಗದ ಬರೆದಿದ್ದಾನೆ. ಹುಡುಗರಿಗೆ ಹೊಸ ಅಂಗಿ, ಹೊಸ ಟೋಪಿ, ಹೊಸ ಬೂಟು. ಮೊದಲ ಸಲ ರೈಲು. ಯಾವ ಸಾಹಸಕಥೆಯೂ ಇದಕ್ಕಿಂತ ಚೆಂದವಾಗಿ ಆರಂಭವಾಗಲಾರದು. ಸಂಜೆ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರ ಅಕ್ಕರೆಯಿಂದ ಬಂದು ವಿಚಾರಿಸುತ್ತಾನೆ, ಬಟ್ಟೆ ನೋಡಿ ದೊಡ್ಡವರ ಮಕ್ಕಳು ಅಂದುಕೊಂಡಿದ್ದಾನೆ. ಯಾರ ಮಕ್ಕಳಪ್ಪಾ? ಹುಡುಗ ಜಾತಿ ಹೇಳಿಬಿಡುತ್ತಾನೆ. ಮಾಸ್ತರನ ಮುಖ ಬದಲಾಗುತ್ತದೆ. ಗಾಡಿಯವರು ಯಾರೂ ಬರಲೊಲ್ಲರು. ಕೊನೆಗೆ ಒಬ್ಬ ಒಪ್ಪುತ್ತಾನೆ: ಬಾಡಿಗೆ ಎರಡರಷ್ಟು, ಗಾಡಿ ಹೊಡೆಯಬೇಕಾದವರು ಹುಡುಗರೇ, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ. ಬುತ್ತಿ ಇದೆ, ಕುಡಿಯಲು ನೀರಿಲ್ಲ. ಕತ್ತಲೆ, ಅಪರಿಚಿತ ದಾರಿ. ಮಧ್ಯರಾತ್ರಿ ಸುಂಕದಕಟ್ಟೆ. ನೀರಿಗಾಗಿ ಆ 9 ವರ್ಷದ ಹುಡುಗ ಉರ್ದುವಿನಲ್ಲಿ ಮಾತಾಡಿ ಮುಸಲ್ಮಾನನಂತೆ ನಟಿಸುತ್ತಾನೆ. ಆದರೂ ನೀರು ಸಿಗುವುದಿಲ್ಲ. ಬುತ್ತಿ ಜೊತೆಯಲ್ಲೇ ಇದ್ದೂ ಹುಡುಗರು ಹಸಿದು ಮಲಗುತ್ತಾರೆ.

ಇಸವಿ 1901. ಊರು ಕೋರೆಗಾಂವ್. ಹುಡುಗ ಭೀಮರಾವ್. ಇದು ಬಾಬಾಸಾಹೇಬರು ತಾವೇ ಬರೆದಿಟ್ಟದ್ದು, ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಹೆಸರಿನಲ್ಲಿ 1990ರಲ್ಲಿ ಪುಸ್ತಿಕೆಯಾಗಿ ಬಂತು.

ಹೆಂಟಿಯ ಪುಸ್ತಕ ಬಂದು ಐದೇ ವರ್ಷವಾಗಿತ್ತು. ಅಲ್ಲೂ ಒಬ್ಬ ಹುಡುಗ ಅಪ್ಪನನ್ನು ನೋಡಲು ಹೊರಟ. ಇಲ್ಲೂ ಒಬ್ಬ ಹುಡುಗ ಅಪ್ಪನನ್ನು ನೋಡಲು ಹೊರಟ. ಡಿಕ್ ವೇಷ ಹಾಕಿದ್ದು ಕೋಟೆಯೊಳಗೆ ನುಗ್ಗಲು. ಭೀಮ ಭಾಷೆ ಬದಲಿಸಿದ್ದು ಒಂದು ಲೋಟ ನೀರಿಗೆ. ಡಿಕ್‌ನ ಶತ್ರು ಬೇರೆ ದೇಶದ ಸುಲ್ತಾನ. ಭೀಮನ ಶತ್ರು ಅವನದೇ ದೇಶದ ಗಾಡಿಯವ, ಮಾಸ್ತರ, ಸುಂಕದವ, ಹೆಸರಿಲ್ಲದ ಸಾಮಾನ್ಯ ಜನ. ಡಿಕ್ ಯಾವತ್ತು ಬೇಡವೆನಿಸಿದರೂ ವೇಷ ಕಳಚಬಹುದು, ಒಳಗೆ ಬಿಳಿಯ ಚರ್ಮ ಕಾದಿದೆ. ಭೀಮ ವೇಷ ಕಳಚಿದರೆ ಒಳಗಿರುವುದು ಮತ್ತೆ ಹೊಲೆಯ. ಹೇಳಿ ಮೇಷ್ಟ್ರೇ, ಯಾವುದು ಸಾಹಸ?

ಇದು ನಾವು ಹೇಳಬೇಕಾದ ಒಂದೇ ಮಾತು. ಸಾಹಸ ಎಂಬ ಪದವನ್ನು ಅಪಾಯವನ್ನು ಆರಿಸಿಕೊಳ್ಳಬಲ್ಲವರು ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡಿದ್ದಾರೆ. ಹೋಗಿ, ಗೆದ್ದು, ಮನೆಗೆ ಬಂದು, ಬಿಸಿನೀರು ಸ್ನಾನ ಮಾಡಿ ಹೇಳಿಕೊಳ್ಳುವವನದು ಸಾಹಸ. ಅಪಾಯದಲ್ಲೇ ಹುಟ್ಟಿ ಅಪಾಯದಲ್ಲೇ ಬೆಳಗಾಗುವವನದು ಹಣೆಬರಹ. ಗುಹೆಗೆ ಇಳಿದವನ ಸುದ್ದಿ ಪತ್ರಿಕೆಯಲ್ಲಿ ಫೋಟೋ ಸಮೇತ ಬರುತ್ತದೆ. ಮ್ಯಾನ್‌ಹೋಲಿಗೆ ಇಳಿದವನ ಸುದ್ದಿ ಬರುವುದು ಅವನು ಸತ್ತ ದಿನ. 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು, 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಗುಂಡಿಯಲ್ಲಿ ಸತ್ತವನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಸತ್ತರೆ ಇಷ್ಟು ಅಂತ ಬೆಲೆ ಕಟ್ಟಿದ್ದಾರೆ, ಸರಿ. ಇಳಿಸುವುದು ಪೂರ್ತಿ ನಿಂತಿತೇ? ನಮ್ಮ ಹುಡುಗ ಹಗ್ಗವಿಲ್ಲದೆ, ಮುಖವಾಡವಿಲ್ಲದೆ ಆ ಕತ್ತಲೆಗೆ ಇಳಿಯುವಾಗ ಅವನ ಎದೆಯಲ್ಲಿ ಏನಾಗುತ್ತದೆ ಎಂಬುದರ ಮೇಲೆ ಯಾವ ಹೆಂಟಿ ಪುಸ್ತಕ ಬರೆದ?

ಇನ್ನು ನಮ್ಮ ಸಂಗಾತಿಗಳ ಕಡೆಗೆ ತಿರುಗುತ್ತೇವೆ. ಈ ಲೇಖನ ಬರೆಯುತ್ತೇವೆ ಅಂದಾಗ ಕೆಲವರು ಗದರಿದರು. "ಹೆಣ ಬೀಳ್ತಾ ಇರೋವಾಗ ನಗೆ ಏನ್ರಯ್ಯಾ ನಿಮಗೆ? ಹೊಟ್ಟೆ ತುಂಬಿದೋರ ಚಟ ಅದು" ಅಂದರು. ಹಿರಿಯರೇ, ಕ್ಷಮಿಸಿ. ನಾವು ಹಾಗೆ ತಿಳಿದಿಲ್ಲ. ‘ರೋಜರ್ ಆಫ್ ದಿ ರಾಜ್’ ಬಂದ ಅದೇ 1979ರಲ್ಲಿ, ಮಾರ್ಚ್ ತಿಂಗಳಲ್ಲಿ, ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಜಾಗ ಸಿಗಲಿಲ್ಲವೆಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ಪ್ರತ್ಯೇಕವಾಗಿ ಸೇರಿದರು. ಆ ಸಿಟ್ಟು ನಮ್ಮ ರಕ್ತದಲ್ಲಿದೆ, ಅದರಿಂದಲೇ ನಮಗೆ ಬಾಯಿ ಬಂತು. ಆದರೆ ಅದೇ ಸಿಟ್ಟಿನ ಕವಿ ಸಿದ್ದಲಿಂಗಯ್ಯನವರು ‘ಊರುಕೇರಿ’ ಬರೆದಾಗ ಏನು ಮಾಡಿದರು? ನಗಿಸಿದರು. ಎತ್ತಿನ ಬದಲು ಮನುಷ್ಯರು ನೊಗ ಹೊತ್ತು ಉಳುವುದನ್ನು, ಅವರಲ್ಲೊಬ್ಬ ತನ್ನಪ್ಪನೇ ಆಗಿರುವುದನ್ನು ಕಂಡ ಹುಡುಗ, ಆ ನೋವನ್ನು ನಗೆಯ ಪಕ್ಕದಲ್ಲೇ ಇಟ್ಟು ಹೇಳಿದ. ಅರವಿಂದ ಮಾಲಗತ್ತಿಯವರು 1994ರಲ್ಲಿ ತಮ್ಮ ಆತ್ಮಕಥೆಗೆ ‘ಗೌರ್ಮೆಂಟ್ ಬ್ರಾಹ್ಮಣ’ ಅಂತ ಹೆಸರಿಟ್ಟರಲ್ಲ, ಮೀಸಲಾತಿಯನ್ನು ಹಂಗಿಸುವವರ ಬಾಯಿಂದಲೇ ಕಲ್ಲು ಕಸಿದು ಅವರ ಕಡೆಗೇ ಎಸೆಯುವ ನಗೆ ಅದು. ಹೊಡೆದವನು ನಮ್ಮ ಅಳುವನ್ನು ನಿರೀಕ್ಷಿಸಿರುತ್ತಾನೆ. ಸಿಟ್ಟನ್ನೂ ನಿರೀಕ್ಷಿಸಿ ಪೊಲೀಸರಿಗೆ ಹೇಳಿಟ್ಟಿರುತ್ತಾನೆ. ನಮ್ಮ ನಗೆಗೆ ಅವನ ಬಳಿ ತಯಾರಿ ಇರುವುದಿಲ್ಲ.

ನಮ್ಮ ಕೇರಿಯ ಮುದುಕಿಯರನ್ನು ಕೇಳಿ ನೋಡಿ. ಗೌಡರು ಹೆಂಗೆ ಕೆಮ್ಮುತ್ತಿದ್ದರು, ದೊಡ್ಡವರು ನಾಯಿಗೆ ಹೆದರಿ ಹೆಂಗೆ ಪಂಚೆ ಎತ್ತಿ ಓಡಿದರು, ಅಮಲ್ದಾರ ಬಂದ ದಿನ ಪಟೇಲರ ಮೀಸೆ ಹೆಂಗೆ ಇಳಿಯಿತು ಅಂತ ರಾತ್ರಿ ರಾಗಿ ಬೀಸುತ್ತ ಹೇಳಿಕೊಂಡು ನಕ್ಕವರು ಅವರು. ಅದೇ ನಮ್ಮ ರಿಪ್ಪಿಂಗ್ ಯಾರ್ನ್ಸ್. ಬಿಬಿಸಿಗಿಂತ ಹಳೆಯದು. ಬರೆದಿಟ್ಟುಕೊಂಡವರಿಲ್ಲ. ಮುದುಕಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಜೊತೆ ಆ ನಗೆಯೂ ಮಣ್ಣಾಗುತ್ತಿದೆ.

ಈಗ ಟಾಂಕಿನ್‌ಸನ್ನನನ್ನು ಕರೆಯೋಣ. ಹಿಂಸೆ ಅನುಭವಿಸಿದ ಹುಡುಗನಿಗೇ ಕೊನೆಗೆ ಹಿಂಸಿಸುವ ಹುದ್ದೆ ಸಿಕ್ಕಿತು, ಅವನು ಖುಷಿಯಾದ ಅಂದೆವಲ್ಲ. ಆ ಹುದ್ದೆ ನಮ್ಮ ಮುಂದೆಯೂ ಇದೆ. ನಮ್ಮವನೇ ಆಫೀಸರಾಗಿ ನಮ್ಮವರನ್ನೇ ಬಾಗಿಲಲ್ಲಿ ಕಾಯಿಸಿದಾಗ, ನಮ್ಮವನೇ ಮುಖಂಡನಾಗಿ ಗೌಡರ ಜೀಪಿನಲ್ಲಿ ಕೂತಾಗ, ಹೊರಗೆ ಕ್ರಾಂತಿ ಮಾತಾಡುವ ನಾವೇ ಮನೆಯೊಳಗೆ ಹೆಂಡತಿಯ ಮೇಲೆ, ತಂಗಿಯ ಮೇಲೆ ಕೈ ಎತ್ತಿದಾಗ, ಸಂಘಟನೆ ಒಡೆದು ಒಬ್ಬೊಬ್ಬರೂ ಒಂದೊಂದು ಬೋರ್ಡು ಹಾಕಿಕೊಂಡಾಗ, ನಮಗೂ ಶಾಲೆಯ ರೌಡಿಯ ಬ್ಯಾಡ್ಜು ಸಿಕ್ಕಿರುತ್ತದೆ. ಆ ಹುದ್ದೆ ರದ್ದಾಗಬೇಕು ಅಂತ ಹೊರಟವರು ನಾವು. ಅದರಲ್ಲಿ ಮೀಸಲಾತಿ ಕೇಳಲು ಹೊರಟವರಲ್ಲ. ಮತ್ತೂ ಒಂದು. ಈ ಲೇಖನದಲ್ಲಿ ಇಲ್ಲಿಯ ತನಕ ಹುಡುಗ, ಹುಡುಗ ಅಂತಲೇ ಬರೆದೆವು. ಹುಡುಗಿ ಎಲ್ಲಿ? ಕೊಡ ಹೊತ್ತು ಮೈಲಿ ನಡೆದು, ಮೇಲ್ಜಾತಿಯ ಹೊಲದ ಬದು ದಾಟಿ, ಕತ್ತಲಾಗುವುದರೊಳಗೆ ಮನೆ ಸೇರಿದವಳ ಸಾಹಸಕ್ಕೆ ನಾವೂ ಅಂಚಿನ ಜಾಗವನ್ನೇ ಕೊಟ್ಟಿದ್ದೇವೆ. ತಪ್ಪು ನಮ್ಮದು.

ವಿದ್ಯಾರ್ಥಿ ಗೆಳೆಯರೇ, ಹಾಸ್ಟೆಲಿನಲ್ಲಿ ಕೂತು ಇನ್ನೊಬ್ಬರ ಸಾಹಸ ನೋಡಿ ಶಿಳ್ಳೆ ಹೊಡೆದದ್ದು ಸಾಕು. ನಿಮ್ಮ ಅಜ್ಜಿಯ ನಗೆಯನ್ನು ಬರೆದುಕೊಳ್ಳಿ. ಮೇಷ್ಟ್ರೇ, ಮಧುಗಿರಿ ಬೆಟ್ಟಕ್ಕೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದ ದಿನ ರಾಜರ ಹೆಸರು ಬಾಯಿಪಾಠ ಮಾಡಿಸುವ ಮೊದಲು ಒಂದು ಮೆಟ್ಟಿಲ ಮೇಲೆ ಕೂರಿಸಿ, ಅದರ ಮೇಲಿನ ಉಳಿಯ ಗುರುತನ್ನು ಬೆರಳಿನಿಂದ ಮುಟ್ಟಿಸಿ. ಇದು ಯಾರ ಕೈ ಅಂತ ಕೇಳಿ. ಉತ್ತರ ಯಾವ ಪುಸ್ತಕದಲ್ಲೂ ಇಲ್ಲ. ಮಕ್ಕಳು ತಮ್ಮ ತಮ್ಮ ಅಪ್ಪನ ಕೈ ನೆನಪು ಮಾಡಿಕೊಂಡರೆ ಸಾಕು.

ಸಾಹಸ ಯಾರಪ್ಪನ ಆಸ್ತಿ ಅಂತ ಕೇಳಿದೆವು. ಅದು ನಮ್ಮಪ್ಪನದು. ಪಹಣಿಯಲ್ಲಿ ಬೇರೆಯವರ ಹೆಸರು ಬಂದುಬಿಟ್ಟಿದೆ, ಅಷ್ಟೇ. ತಿದ್ದಿಸಿಕೊಳ್ಳಲು ಈಗ ನಮಗೆ ಬರೆಯಲು ಬರುತ್ತದೆ.